ಚುಕ್ಕಿ ಮೇಷ್ಟ್ರ ಬೆರಳು ಮತ್ತು ಓದದೆ ಬಿಟ್ಟ ಸಾಲು

ಅಂಧ ಮಕ್ಕಳಿಗೆ ಪಠ್ಯಪುಸ್ತಕ ಅಚ್ಚು ಹಾಕುವ ಆ ಮುದ್ರಣಾಲಯದಲ್ಲಿ ಕೊನೆಯ ಮಾತು ಮ್ಯಾನೇಜರರದಲ್ಲ, ಒಂದು ತೋರುಬೆರಳಿನದು. ಅದರ ಯಜಮಾನರನ್ನು ಎಲ್ಲರೂ ಚುಕ್ಕಿ ಮೇಷ್ಟ್ರು ಅನ್ನುತ್ತಾರೆ. ಹುಟ್ಟಿನಿಂದ ಕಣ್ಣು ಕಾಣದ ಅವರು ಇಪ್ಪತ್ತೊಂಬತ್ತು ವರ್ಷಗಳಿಂದ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ದಪ್ಪ ಕಾಗದದ ಮೇಲೆ ಉಬ್ಬಿದ ಬ್ರೈಲ್ ಚುಕ್ಕಿಗಳನ್ನು ಸವರುತ್ತ ಗಟ್ಟಿಯಾಗಿ ಓದುತ್ತಾರೆ. ನಿಮಗೆ ಕಿಟಕಿ ಯಾಕೆ ಎಂದು ಹೊಸಬರೊಬ್ಬರು ಕೇಳಿದಾಗ, "ಗಾಳಿಗೂ ಕಣ್ಣು ಬೇಕಾ?" ಅಂದಿದ್ದರು.

ಎದುರಿಗೆ ಕೂತ ಸಹಾಯಕಿ ಮೂಲಪ್ರತಿಯ ಮೇಲೆ ಕಣ್ಣಿಟ್ಟು ಕೇಳುತ್ತಾಳೆ. ಎಲ್ಲ ಸರಿಯಿದ್ದರೆ ಮೇಷ್ಟ್ರು ಹಾಳೆಯ ಮೂಲೆಯನ್ನು ಚೂರು ಮಡಚುತ್ತಾರೆ. ಆ ಮಡಿಕೆ ಬೀಳದೆ ಯಾವುದೂ ಬೈಂಡಿಂಗಿಗೆ ಹೋಗುವುದಿಲ್ಲ. ಕೆಲಸ ಬೇಗ ಸಾಗಲೆಂದು ಇನ್ನೊಂದು ರೂಢಿಯನ್ನೂ ಅವರೇ ತಂದಿದ್ದರು: ಪುಸ್ತಕದ ಹೆಸರು, ಇಲಾಖೆಯ ಮೊಹರು ಮುಂತಾದ ಪುಟಪುಟಕ್ಕೂ ಬರುವ ಸಾಲುಗಳನ್ನು ಮೊದಲ ಪುಟದಲ್ಲಿ ಮಾತ್ರ ಓದುವುದು, ಮಿಕ್ಕ ಪುಟಗಳಲ್ಲಿ ಹಾರಿಸುವುದು.

ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು. ಒಂದು ಹೊತ್ತೂ ತಪ್ಪಿಸಿಲ್ಲವೆಂದು ಹೇಳಿಕೊಳ್ಳುವಾಗ ಅವರ ದನಿಯಲ್ಲಿ ತಪ್ಪಿಲ್ಲದ ಪುಸ್ತಕ ಮುಗಿಸಿದ ಗತ್ತು ಇರುತ್ತಿತ್ತು.

ಕಳೆದ ವರ್ಷ ಮುದ್ರಣಾಲಯದ ಯಂತ್ರ ಕೆಟ್ಟಿತು. ಅಂದರೆ, ಕೆಟ್ಟಿದೆ ಎಂದು ಮೇಷ್ಟ್ರು ಹೇಳಿದರು.

"ಏನಯ್ಯಾ, ಮಿಷನ್ನಿಗೆ ಊಟ ಹಾಕ್ತಿಲ್ವಾ? ಚುಕ್ಕೀಲಿ ಜೀವಾನೇ ಇಲ್ಲ," ಎಂದು ಮಿಷನ್ನಿನವನನ್ನು ಕರೆಸಿ ಕೇಳಿದರು.

"ಒತ್ತಡದ ಮುಳ್ಳು ಹೋದ ವರ್ಷ ಇದ್ದಲ್ಲೇ ಇದೆ, ಮೇಷ್ಟ್ರೇ. ಇದಕ್ಕಿಂತ ಒತ್ತಿದ್ರೆ ಕಾಗದ ತೂತಾಗುತ್ತೆ."

"ಮುಳ್ಳು ನೋಡೋನು ನೀನು. ಹಾಳೆ ಓದೋನು ನಾನು."

ಒತ್ತಿದರು, ಕಾಗದ ತೂತಾಯಿತು. ಕಾಗದ ಬದಲಾಯಿತು. ಆಮೇಲೆ ರಬ್ಬರ್ ಹಾಸು, ಆಮೇಲೆ ಸ್ಪ್ರಿಂಗು. ಶಾಲೆಯ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ನೋಡೋಣವೇ ಎಂದು ಮಿಷನ್ನಿನವನು ಮೆಲ್ಲಗೆ ಕೇಳಿದ. "ಮಕ್ಕಳು ಪಾಪ, ಕೊಟ್ಟಿದ್ದನ್ನ ಓದ್ತಾರೆ," ಎಂದು ಮೇಷ್ಟ್ರು ಆ ಮಾತನ್ನು ಅಲ್ಲಿಗೇ ಮುಗಿಸಿದರು. ಕಡೆಗೆ ಬದಲಾಯಿಸಲು ಉಳಿದಿದ್ದು ಮಿಷನ್ನಿನವನೊಬ್ಬನೇ. ಹದಿನೇಳು ವರ್ಷ ಯಂತ್ರ ನಡೆಸಿದವನನ್ನು ಗೋದಾಮಿಗೆ, ಕಟ್ಟು ಕಟ್ಟಲು ಕಳಿಸಿದರು. ಮೂಲೆ ಮಡಚದ ವಿಜ್ಞಾನ ಪುಸ್ತಕದ ಹಾಳೆಗಳೂ ಅವನ ಹಿಂದೆಯೇ ಗೋದಾಮು ಸೇರಿದವು. ಬೆರಳನ್ನು ಮಾತ್ರ ಯಾರೂ ಪರೀಕ್ಷಿಸಲಿಲ್ಲ. ತೂಕದ ಕಲ್ಲನ್ನೇ ತೂಗಿ ನೋಡುವವರು ಯಾರು?

ಒಂದು ಬೆಳಿಗ್ಗೆ ಸಹಾಯಕಿ ಕೇಳಿದಳು, "ಮೇಷ್ಟ್ರೇ, ಇನ್ನೊಂದು ಚಪ್ಪಲಿ ಎಲ್ಲಿ?"

"ಕಾಲಲ್ಲಿ."

"ಕಾಲಲ್ಲಿಲ್ಲ. ಮೆಟ್ಟಿಲ ಮೇಲೆ ಬಿದ್ದಿದೆ."

"ಕಾಲು ಜೋಮು ಹಿಡಿದು ಎರಡು ವರ್ಷ ಆಯ್ತು, ತಂಗೀ. ಸಕ್ಕರೆ ಅಂದ್ಮೇಲೆ ಅದೆಲ್ಲ ಇದ್ದಿದ್ದೇ."

ಅವಳು ಹಾಳೆ ಮುಂದಿಟ್ಟು ಕೇಳಿದಳು, "ಕಾಲಿಗೆ ಬಂದಿದ್ದು ಕೈಗೆ ಬರಲ್ವಾ, ಮೇಷ್ಟ್ರೇ?"

ಮೇಷ್ಟ್ರು ಊಟದ ಬಿಡುವಿನಲ್ಲಿ ಎದ್ದು ಹೋಗಿ, ಬೀರುವಿನಿಂದ ಎಂಟು ವರ್ಷದ ಹಿಂದೆ ತಾವೇ ಒಪ್ಪಿದ ಪುಸ್ತಕವೊಂದನ್ನು ತೆಗೆದರು. ಕಚೇರಿಯ ಪ್ರತಿ, ಅಚ್ಚಾದ ಮೇಲೆ ಯಾರೂ ಮುಟ್ಟಿರಲಿಲ್ಲ. ಅದರ ಚುಕ್ಕಿಗಳಲ್ಲೂ ಜೀವವಿರಲಿಲ್ಲ. ಆ ದಿನ ಅವರು ಯಾವ ಹಾಳೆಯನ್ನೂ ಓದಲಿಲ್ಲ. ಬೆರಳು ಹೋದರೆ ಅವರ ಪಾಲಿಗೆ ಕೆಲಸವಷ್ಟೇ ಅಲ್ಲ, ಅಕ್ಷರವೇ ಹೋದಂತೆ.

ಮಗಳ ಜೊತೆ ಆಸ್ಪತ್ರೆಗೆ ಹೋದರು. ವೈದ್ಯೆ ರಕ್ತ ಪರೀಕ್ಷೆ ಮಾಡಿಸಿದರು. ಇನ್ನೂರರ ಮೇಲಿರಬೇಕಾದ ಬಿ-12 ಜೀವಸತ್ವ ನೂರ ಹದಿನೆಂಟಿತ್ತು.

"ಈ ಸಕ್ಕರೆ ಮಾತ್ರೆ ಒಳ್ಳೇದೇ, ನೀವಾಗಿ ಬಿಡ್ಬೇಡಿ," ಎಂದರು ವೈದ್ಯೆ. "ಆದ್ರೆ ವರ್ಷಗಟ್ಟಲೆ ತಗೊಂಡ ಕೆಲವರಿಗೆ ಬಿ-12 ಇಳಿಯುತ್ತೆ, ನರ ಸೊರಗುತ್ತೆ. ಸಕ್ಕರೆಯಿಂದಲೂ ಜೋಮು ಬರೋದ್ರಿಂದ ಎಲ್ರೂ ಅದರ ತಲೆಗೇ ಕಟ್ಟಿ ಸುಮ್ಮನಾಗ್ತಾರೆ. ವರ್ಷಕ್ಕೊಂದ್ಸಲ ನೋಡಿಸ್ಲಿಲ್ವಾ?"

"ಯಾರೂ ಹೇಳಲಿಲ್ಲ."

ವೈದ್ಯೆ ಹಳೆಯ ಔಷಧಿ ಚೀಟಿಗಳ ಕಡತವನ್ನು ಮಗಳತ್ತ ತಿರುಗಿಸಿದರು. ನಾಲ್ಕು ವರ್ಷಗಳಿಂದ ಪ್ರತಿ ಚೀಟಿಯ ಕೆಳಗೂ ನೀಲಿ ಮೊಹರಿನಲ್ಲಿ ಒಂದೇ ಸಾಲು: ಈ ಮಾತ್ರೆ ಸೇವಿಸುವವರು ವರ್ಷಕ್ಕೊಮ್ಮೆ ಬಿ-12 ಪರೀಕ್ಷಿಸಿಕೊಳ್ಳಿ.

"ಅಪ್ಪಾ," ಎಂದಳು ಚೀಟಿಗಳನ್ನೆಲ್ಲ ಓದಿ ಹೇಳುತ್ತಿದ್ದ ಮಗಳು, "ಮೇಲಿನ ಹೆಸರು, ಕೆಳಗಿನ ಮೊಹರು ಬಿಟ್ಟು ನಡುವಿಂದು ಓದು ಅಂದಿದ್ದು ನೀನೇ."

"ಮೊದಲನೇ ಚೀಟೀದು ಓದಿದ್ಯಲ್ಲ?"

"ಮೊದಲನೇದರಲ್ಲಿ ಈ ಸಾಲು ಇರಲಿಲ್ಲ."

ಚುಚ್ಚುಮದ್ದು ಶುರುವಾಯಿತು. ಎಷ್ಟು ವಾಪಸು ಬರುತ್ತದೋ ಹೇಳಲಾರೆ ಎಂದಿದ್ದರು ವೈದ್ಯೆ. ಕಾಲು ಇನ್ನೂ ಪೂರ್ತಿ ಬಂದಿಲ್ಲ. ಚಪ್ಪಲಿಗೆ ಹಿಂದುಗಡೆ ಪಟ್ಟಿ ಹಾಕಿಸಿಕೊಂಡಿದ್ದಾರೆ. ನಾಲ್ಕನೇ ತಿಂಗಳಲ್ಲಿ ಬೆರಳಿನ ತುದಿಗೆ ಎಚ್ಚರವಾಯಿತು. ಮೇಷ್ಟ್ರು ನೆಟ್ಟಗೆ ಗೋದಾಮಿಗೆ ಹೋದರು.

"ಆ ವಿಜ್ಞಾನದ ಕಟ್ಟು ಬಿಚ್ಚು."

ಮಿಷನ್ನಿನವನು ಬಿಚ್ಚಿದ. ಮೇಷ್ಟ್ರು ಮೊದಲ ಹಾಳೆ ಓದಿ ಮೂಲೆ ಮಡಚಿದರು. ಎರಡನೆಯದು, ಮೂರನೆಯದು. ಹೀಗೆ ಹತ್ತು ಹಾಳೆಗೆ ಮಡಿಕೆ ಬಿತ್ತು.

"ಮಿಷನ್ನು ಊಟ ಮಾಡಿದೆಯಾ, ಮೇಷ್ಟ್ರೇ?" ಎಂದ ಅವನು ಕಡೆಗೆ.

"ಅದು ಆಗಲೂ ಮಾಡಿತ್ತು. ಉಪವಾಸ ಇದ್ದೋನು ನಾನು."

ಮಧ್ಯಾಹ್ನ ಮ್ಯಾನೇಜರಿಗೆ ಪತ್ರ ಬರೆಸಿದರು: ಯಂತ್ರದಲ್ಲಾಗಲಿ ಅದನ್ನು ನಡೆಸಿದವನಲ್ಲಾಗಲಿ ದೋಷವಿರಲಿಲ್ಲ, ದೋಷ ನನ್ನ ಬೆರಳಿನದು, ಅವನನ್ನು ಅವನ ಜಾಗಕ್ಕೆ ಕಳಿಸಿ. ಬರೆದುಕೊಂಡ ಸಹಾಯಕಿ ಮೊಹರು ಒತ್ತಿ, ಪತ್ರವನ್ನು ಓದಿ ಹೇಳಿ, ಸಹಿಗೆ ಮುಂದಿಟ್ಟಳು. ಮೇಷ್ಟ್ರು ಪೆನ್ನು ಹಿಡಿಯಲಿಲ್ಲ.

"ಮೊಹರಲ್ಲಿ ಏನಿದೆ?"

"ನಮ್ಮ ಮುದ್ರಣಾಲಯದ್ದೇ, ಮೇಷ್ಟ್ರೇ. ಯಾವಾಗಲೂ ಇರೋದು."

"ಇರಲಿ ತಂಗೀ. ಓದು."