ಒಂಬತ್ತನೆಯ ಪ್ರಶ್ನೆ

ಲಿಫ್ಟು ಸರಿಯಿದೆಯೋ ಇಲ್ಲವೋ ಎಂಬುದನ್ನು ಅವನು ಕಿವಿಯಿಂದಲೇ ಹೇಳಬಲ್ಲ. ಹದಿನಾರು ವರ್ಷದಿಂದ ಅದನ್ನೇ ರಿಪೇರಿ ಮಾಡುತ್ತಿದ್ದಾನೆ. ಯಾವ ಕಟ್ಟಡಕ್ಕೆ ಹೋದರೂ ಬಟನ್ ಒತ್ತಿ, ತಲೆಯನ್ನು ಸ್ವಲ್ಪ ವಾಲಿಸಿ, ಕಣ್ಣು ಅರೆಮುಚ್ಚಿ ನಿಲ್ಲುತ್ತಾನೆ. ಮದುವೆಯ ಹೊಸತರಲ್ಲಿ ಹೆಂಡತಿ ಇದನ್ನು ಕಂಡು, "ಒಳಗಿಂದ ಯಾರೋ ಗುಟ್ಟು ಹೇಳ್ತಿರೋ ಹಾಗೆ ನಿಂತ್ಕೋತೀರಲ್ಲ" ಎಂದು ನಕ್ಕಿದ್ದಳು. ಈಗ ಅವರ ಒಂಬತ್ತು ವರ್ಷದ ಮಗಳೂ ಲಿಫ್ಟಿನ ಮುಂದೆ ಥೇಟ್ ಹಾಗೆಯೇ ನಿಲ್ಲುತ್ತಾಳೆ.

ಮಗಳನ್ನು ಮನೆಯಲ್ಲಿ ಗಿಣಿ ಎಂದು ಕರೆಯುತ್ತಾರೆ. ಕೇಳಿದ ಮಾತನ್ನು ಕೇಳಿದಂತೆಯೇ ತಿರುಗಿ ಹೇಳುತ್ತಾಳೆಂದು ಅಜ್ಜಿ ಇಟ್ಟ ಹೆಸರು. "ನೀರು ಬೇಕಾ?" ಎಂದರೆ "ನೀರು ಬೇಕಾ" ಎನ್ನುತ್ತಾಳೆ; ಬೇಕು ಎಂದು ಅರ್ಥ. ಬೇಡವಾದರೆ ಮುಖ ಗೋಡೆಗೆ ತಿರುಗುತ್ತದೆ. ಅವಳಿಗೆ ಮೂರು ತುಂಬಿದಾಗ ಡಾಕ್ಟರು ಆಟಿಸಂ ಎಂದಿದ್ದರು. ಆ ಪದವನ್ನು ಅವನು ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಂಡು ಮನೆಗೆ ತಂದಿದ್ದ.

ಆರು ವರ್ಷದವಳಿದ್ದಾಗ ಒಂದು ದಿನ ಗಿಣಿ ತರಗತಿಯಿಂದ ಎದ್ದು ಹೊರಗೆ ನಡೆದಳು. ಟೀಚರು ಬೋರ್ಡಿನ ಕಡೆ ತಿರುಗಿದ್ದರು. ಎರಡು ಗಂಟೆಯ ನಂತರ, ಎರಡು ರಸ್ತೆಗಳ ಆಚೆ, ಪೆಟ್ರೋಲ್ ಬಂಕಿನಲ್ಲಿ ಸಿಕ್ಕಳು. ಯಂತ್ರದ ಮೇಲೆ ಓಡುವ ಅಂಕಿಗಳನ್ನು ನೋಡುತ್ತ ಸಂತೋಷವಾಗಿ ನಿಂತಿದ್ದಳು. ಅವಳ ಎಡಗಾಲಿನ ಚಪ್ಪಲಿ ಮಾತ್ರ ರಸ್ತೆಯ ನಡುವೆ ಬಿದ್ದಿತ್ತು. ಆ ಚಪ್ಪಲಿಯನ್ನು ಎತ್ತಿಕೊಂಡದ್ದು ಅವನೇ. ಅದಾದ ಮೇಲೆ ಕಚೇರಿಗಳಿಗೆ ಅಲೆದು, ಅರ್ಜಿ ಕೊಟ್ಟು, ಮಗಳಿಗೆಂದೇ ತರಗತಿಯಲ್ಲಿ ದಿನವಿಡೀ ಒಬ್ಬ ಸಹಾಯಕಿ ಇರಬೇಕೆಂಬ ಆದೇಶ ಪಡೆದ. ಮೂರು ವರ್ಷ ನೆಮ್ಮದಿಯಾಗಿ ಕಳೆಯಿತು.

ಆಮೇಲೆ ಕಂಪನಿ ಆ ಊರಿನ ಶಾಖೆಯನ್ನು ಮುಚ್ಚಿತು. ಬೇರೆ ರಾಜ್ಯದ ಶಾಖೆಗೆ ಬರುತ್ತೀಯೋ, ಕೆಲಸ ಬಿಡುತ್ತೀಯೋ ಎಂದು ಕೇಳಿತು. ಅವರು ಹೊರಟರು.

ಗಡಿ ದಾಟಿದರೂ ಜನರ ಮಾತು ಬದಲಾಗಲಿಲ್ಲ, ಕಾಗದಪತ್ರ ಬದಲಾಯಿತು. ಹೊಸ ಶಾಲೆಯ ಗುಮಾಸ್ತ ಅವನ ದಪ್ಪ ಫೈಲನ್ನು ತೆರೆಯದೆ ಅಂಗೈಯಿಂದ ತಟ್ಟಿ ನೋಡಿದ.

"ಆ ರಾಜ್ಯದ ಆದೇಶ ಇಲ್ಲಿ ಮೂವತ್ತು ದಿನ ನಡೆಯುತ್ತೆ ಸಾರ್. ಅಲ್ಲಿವರೆಗೆ ಒಬ್ಬ ಸಹಾಯಕಿ ಕೊಡ್ತೀವಿ. ಆಮೇಲೆ ನಮ್ಮ ಮೇಡಂ ಪರೀಕ್ಷೆ ಮಾಡ್ತಾರೆ. ಅವರು ಏನು ಬರೀತಾರೋ ಅದೇ."

ಅವನು ಕಿಟಕಿಯಿಂದ ಹೊರಗೆ ನೋಡಿದ. ಶಾಲೆಯ ಗೇಟು ನೇರವಾಗಿ ದೊಡ್ಡ ರಸ್ತೆಗೆ ತೆರೆದುಕೊಂಡಿತ್ತು. ರಸ್ತೆಯ ಆಚೆ ಬದಿಯಲ್ಲಿ ಒಂದು ಪೆಟ್ರೋಲ್ ಬಂಕ್. ಹಗಲಿನಲ್ಲೂ ಅದರ ಅಂಕಿಗಳು ಕೆಂಪಗೆ ಓಡುತ್ತಿದ್ದವು.

ಹೊಸ ಮನೆ ಗಿಣಿಗೆ ಒಗ್ಗಲಿಲ್ಲ. ಹಳೆಯ ಮನೆಗೆ ಹದಿನಾಲ್ಕು ಮೆಟ್ಟಿಲಿದ್ದವು, ಇದಕ್ಕೆ ಹದಿನೇಳು. ಮೊದಲ ವಾರವೆಲ್ಲ ಅವಳು ಹದಿನಾಲ್ಕನೆಯ ಮೆಟ್ಟಿಲಲ್ಲೇ ಕೂತುಬಿಡುತ್ತಿದ್ದಳು. ಅವಳ ಲೆಕ್ಕದಲ್ಲಿ ಮನೆ ಬಂದಾಗಿತ್ತು. ಅಪ್ಪ ಅಮ್ಮ ಅವಳ ಪಕ್ಕದಲ್ಲಿ ಕೂರುತ್ತಿದ್ದರು. ಮೇಲಿನ ಮಹಡಿಯವರು ಕಾಲು ಎತ್ತಿಟ್ಟು ದಾಟಿ ಹೋಗುತ್ತಿದ್ದರು. ಆದರೆ ಶಾಲೆಯ ಸಹಾಯಕಿಯನ್ನು ಹತ್ತೇ ದಿನಕ್ಕೆ ಒಪ್ಪಿಕೊಂಡಳು. ಆಕೆಯ ಹೆಗಲುಚೀಲದ ಪಟ್ಟಿಯನ್ನು ಹಿಡಿದರೆ ಸಂಜೆಯವರೆಗೂ ಬಿಡುತ್ತಿರಲಿಲ್ಲ. ಅದನ್ನು ಗೇಟಿನಿಂದ ಕಂಡ ದಿನ ಅವನು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದ.

ಇನ್ನು ಇಪ್ಪತ್ತು ದಿನ, ಇನ್ನು ಹದಿನೆಂಟು ದಿನ. ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದು ನಿಂತಾಗಲೂ ಅವನ ತಲೆಯಲ್ಲಿ ದಿನಗಳೇ ಓಡುತ್ತಿದ್ದವು. ಅವನಿಗಿದ್ದ ಭಯ ಒಂದೇ. ಹಿಂದೆ ಮೊದಲ ಸಲ ಪರೀಕ್ಷೆಗೆ ಕೂತಾಗ ಗಿಣಿ ಮೇಜಿನ ಕೆಳಗೆ ಹೋಗಿ ಗಂಟಲು ಹರಿಯುವಂತೆ ಕಿರುಚಿದ್ದಳು. ಆ ಅಧಿಕಾರಿ, "ಇಂಥವರನ್ನ ಮಾಮೂಲಿ ಶಾಲೆಯಲ್ಲಿ ಇಟ್ಕೊಳ್ಳೋಕಾಗಲ್ಲ, ದೂರದಲ್ಲಿ ಒಂದು ಹಾಸ್ಟೆಲ್ ಇದೆ" ಎಂದಿದ್ದ. ಇಲ್ಲೂ ಹಾಗೇ ಆದರೆ?

ಆದ್ದರಿಂದ ತನಗೆ ಗೊತ್ತಿದ್ದ ಕೆಲಸವನ್ನೇ ಅವನು ಮಾಡಿದ. ಲಿಫ್ಟಿನ ತಪಾಸಣೆಗೆ ಇನ್ಸ್‌ಪೆಕ್ಟರು ಬರುವ ಮೊದಲು ಮೆಕ್ಯಾನಿಕ್ಕುಗಳು ಒಂದು ವಾರ ಅದನ್ನು ಮೇಲೆ ಕೆಳಗೆ ಓಡಿಸಿ, ಎಣ್ಣೆ ಬಿಟ್ಟು, ಎಲ್ಲೂ ತಡವರಿಸದಂತೆ ಪಳಗಿಸುತ್ತಾರೆ. ಹಳೆಯ ರಾಜ್ಯದಲ್ಲಿ ಮೂರು ಸಲ ಪರೀಕ್ಷೆ ನಡೆದಾಗಲೂ ಅವನು ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಅದೇ ನೀಲಿ ಪುಸ್ತಕ, ಅದೇ ಹನ್ನೆರಡು ಪ್ರಶ್ನೆ, ಅದೇ ಕ್ರಮ. ಎಲ್ಲವೂ ಬಾಯಿಗೆ ಬಂದಿದ್ದವು. ದಿನಾ ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡ.

"ಹೆಸರೇನು? ಎಷ್ಟು ವರ್ಷ? ಮನೇಲಿ ಯಾರ್ಯಾರಿದ್ದಾರೆ? ಮಳೆ ಬಂದ್ರೆ ಏನು ಮಾಡ್ತೀಯ?"

"ಛತ್ರಿ ಹಿಡೀತೀನಿ" ಎನ್ನುತ್ತಿದ್ದಳು ಗಿಣಿ, ಅವನದೇ ದನಿಯಲ್ಲಿ.

ಒಂಬತ್ತನೆಯದು ಅವನಿಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. "ದಾರಿ ತಪ್ಪಿದ್ರೆ ಏನು ಮಾಡ್ತೀಯ?"

"ಅಲ್ಲೇ ನಿಂತ್ಕೋತೀನಿ. ಅಪ್ಪನ ನಂಬರ್ ಹೇಳ್ತೀನಿ."

ಹೆಂಡತಿ ಬಟ್ಟೆ ಮಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. "ರೀ, ಅವಳೇನು ಲಿಫ್ಟಾ, ಇನ್ಸ್‌ಪೆಕ್ಷನ್ನಿಗೆ ಎಣ್ಣೆ ಬಿಟ್ಟು ನಿಲ್ಲಿಸೋಕೆ?"

"ಗಲಾಟೆ ಮಾಡಿದ್ರೆ ಹಾಸ್ಟೆಲ್ ಅಂತಾರೆ ಕಣೆ. ಆಗ ನೀನೇ ಅಳ್ತಾ ಕೂತ್ಕೋತೀಯ."

"ನಾನು ಅಳೋದು ಹಾಗಿರ್ಲಿ. ನಿನ್ನೆ ನಿದ್ದೆಯಲ್ಲಿ ಛತ್ರಿ ಛತ್ರಿ ಅಂತಿದ್ದಳು. ಪಾಪ, ಕನಸಲ್ಲೂ ಬಿಡಲ್ಲ ನೀವು."

ಇಪ್ಪತ್ತೆಂಟನೆಯ ದಿನ ಪರೀಕ್ಷೆ. ಹೆಂಡತಿಗೆ ಕನ್ನಡಕದಂಗಡಿಯಲ್ಲಿ ಹೊಸ ಕೆಲಸ, ರಜೆ ಕೇಳುವಂತಿರಲಿಲ್ಲ. "ಆದ ತಕ್ಷಣ ಫೋನ್ ಮಾಡಿ. ಆಮೇಲೆ ಅಂತ ಬೇಡ, ತಕ್ಷಣ" ಎಂದು ಬಾಗಿಲಲ್ಲಿ ಮೂರು ಸಲ ಹೇಳಿದಳು. ಮೂರು ಸಲವೂ ಗಿಣಿ "ತಕ್ಷಣ" ಎಂದಳು.

ಪರೀಕ್ಷೆಯ ಕೋಣೆ ಶಾಲೆಯ ಎರಡನೆಯ ಮಹಡಿಯಲ್ಲಿತ್ತು. ಒಂದು ಮೇಜು, ಎರಡು ಗಿಡ್ಡ ಕುರ್ಚಿ, ಮರದ ತುಂಡುಗಳ ಡಬ್ಬಿ. ಪರೀಕ್ಷೆ ಮಾಡುವ ಮೇಡಮ್ಮಿಗೆ ಐವತ್ತರ ಆಸುಪಾಸು. ನೆಗಡಿಯಾಗಿತ್ತು. "ದೂರ ಕೂತ್ಕೊಳ್ಳಿ, ನನ್ನಿಂದ ನಿಮಗೆ ಇದೊಂದು ಉಡುಗೊರೆ ಬೇಡ" ಎಂದು ಮೂಗು ಒರೆಸಿಕೊಂಡು ಪುಸ್ತಕ ತೆಗೆದರು. ನೀಲಿ ಪುಸ್ತಕವೇ. ಅವನ ಎದೆ ಹಗುರಾಯಿತು.

ಗಿಣಿ ಎಲ್ಲೂ ತಡವರಿಸಲಿಲ್ಲ. ದಾಖಲೆಯಲ್ಲಿದ್ದ ಹೆಸರನ್ನು ಪೂರ್ತಿಯಾಗಿ ಹೇಳಿದಳು. ವಯಸ್ಸು ಹೇಳಿದಳು. ಛತ್ರಿ ಹಿಡಿದಳು. ಒಂಬತ್ತನೆಯದಕ್ಕೆ ಅಲ್ಲೇ ನಿಂತು ಅಪ್ಪನ ನಂಬರಿನ ಹತ್ತೂ ಅಂಕಿ ಒಪ್ಪಿಸಿದಳು. ಹನ್ನೆರಡು ಮುಗಿದಾಗ ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು, ಮುಖದಲ್ಲಿ ನಗು ಇತ್ತು.

"ತುಂಬಾ ಚೆನ್ನಾಗಿ ಮಾಡಿದಳು" ಎಂದರು ಮೇಡಂ. "ಫೈಲು ಓದಿ ನಾನು ಏನೇನೋ ಅಂದ್ಕೊಂಡಿದ್ದೆ. ತನ್ನ ಕ್ಷೇಮ ತಾನೇ ನೋಡ್ಕೊಳ್ಳುವಷ್ಟು ತಿಳಿವಳಿಕೆ ಇದೆ ಇವಳಿಗೆ. ಶಾಲೆಯಲ್ಲೇ ಇರಲಿ, ಅದರಲ್ಲಿ ಪ್ರಶ್ನೆಯೇ ಇಲ್ಲ. ಸಹಾಯಕಿ ಬೇಕಾಗಲ್ಲ. ನಾಡಿದ್ದಿಂದ ನಿಲ್ಲಿಸಬಹುದು ಅಂತ ಬರೀತೀನಿ. ಖುಷಿಪಡಿ."

ಅವನು "ಥ್ಯಾಂಕ್ಸ್ ಮೇಡಂ" ಎಂದೇಬಿಟ್ಟ. ಆ ಮಾತು ಬಾಯಿಂದ ಹೊರಟ ಮೇಲೆ ಅವರು ಹೇಳಿದ್ದು ಕಿವಿಯೊಳಗೆ ಇಳಿಯಿತು.

ತೆರೆದ ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ಗಿಣಿ ಆಗಲೇ ಕುರ್ಚಿಯಿಂದ ಎದ್ದು ಅಲ್ಲಿಗೆ ಹೋಗಿ ನಿಂತಿದ್ದಳು. ಅವಳ ತುಟಿ ಸದ್ದಿಲ್ಲದೆ ಬಂಕಿನ ಅಂಕಿಗಳನ್ನು ಓದುತ್ತಿತ್ತು.

ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಅವನಿಗೆ ಒಂದು ಹಳೆಯ ಕಟ್ಟಡ ನೆನಪಾಯಿತು. ಕೆಲಸಕ್ಕೆ ಸೇರಿ ಎರಡನೆಯ ವರ್ಷ. ನಾಲ್ಕನೆಯ ಮಹಡಿಯ ಲಿಫ್ಟ್ ಬಾಗಿಲ ಬೀಗ ಸವೆದಿತ್ತು. ತಪಾಸಣೆಯೊಳಗೆ ಬದಲಾಯಿಸಲು ಸಮಯವಿರಲಿಲ್ಲ. ಉಜ್ಜಿ, ಎಣ್ಣೆ ಹಚ್ಚಿ, ಆ ಒಂದು ದಿನದ ಮಟ್ಟಿಗೆ ಹಿಡಿಯುವಂತೆ ಮಾಡಿದ್ದ. ಇನ್ಸ್‌ಪೆಕ್ಟರು ಬೆನ್ನು ತಟ್ಟಿ ಸಹಿ ಹಾಕಿ ಹೋದರು. ಎಂಟನೆಯ ದಿನ ಲಿಫ್ಟು ಬರದೆಯೇ ಆ ಬಾಗಿಲು ತೆರೆದುಕೊಂಡಿತು. ಮುಂದೆ ನಿಂತಿದ್ದ ಮುದುಕರು ಮೊದಲು ಕೋಲು ಮುಂದಿಟ್ಟದ್ದಕ್ಕೆ ಬದುಕಿದರು. ಕೋಲು ಬಿದ್ದಿತು. ನಾಲ್ಕು ಮಹಡಿಯ ಆಳಕ್ಕೆ ಅದು ಗೋಡೆಗೆ ಬಡಿಯುತ್ತ ಹೋದ ಸದ್ದನ್ನು ಅವನ ಕಿವಿ ಇವತ್ತಿಗೂ ಇಟ್ಟುಕೊಂಡಿದೆ. ಅಂದಿನಿಂದ ಇನ್ಸ್‌ಪೆಕ್ಟರು ಬಂದರೆ, ಎಲ್ಲಿ ಸವೆದಿದೆ ಎಂದು ಅವನೇ ಮೊದಲು ತೋರಿಸುತ್ತಾನೆ.

"ಮೇಡಂ, ಬರೀಬೇಡಿ" ಎಂದ.

ಅವರು ತಲೆಯೆತ್ತಿದರು.

"ಆ ಉತ್ತರ ಅವಳದಲ್ಲ, ನನ್ನದು. ನಿಮ್ಮ ಪ್ರಶ್ನೆ ಎಲ್ಲ ನನಗೆ ಮೊದಲೇ ಗೊತ್ತಿತ್ತು. ನಾನೇ ಬಾಯಿಪಾಠ ಮಾಡಿಸಿದ್ದು."

"ಎಲ್ಲ ಅಪ್ಪಂದಿರೂ ಒಂದಿಷ್ಟು ಹೇಳಿಕೊಟ್ಟೇ ಕರ್ಕೊಂಡು ಬರ್ತಾರೆ ಬಿಡಿ."

"ಒಂದಿಷ್ಟಲ್ಲ." ಮಗಳ ಎದುರಿಗೇ ಇದನ್ನು ಹೇಳಬೇಕಾಯಿತಲ್ಲ ಎಂದು ಸಂಕಟವಾಯಿತು. ಅವಳಿಗೆ ಎಲ್ಲವೂ ಕೇಳಿಸುತ್ತದೆ. "ಒಂಬತ್ತನೇದನ್ನ ಮೊದಲು ಕೇಳಿ ನೋಡಿ."

ಮೇಡಂ ಅವನನ್ನು ಒಂದು ಕ್ಷಣ ನೋಡಿ, ಗಿಣಿಯನ್ನು ಕರೆದು ಮತ್ತೆ ಕೂರಿಸಿದರು. ಮೃದುವಾಗಿ ಕೇಳಿದರು: "ದಾರಿ ತಪ್ಪಿದ್ರೆ ಏನು ಮಾಡ್ತೀಯ ಪುಟ್ಟಾ?"

ಗಿಣಿ ತನ್ನ ಹೆಸರನ್ನು ಪೂರ್ತಿಯಾಗಿ ಹೇಳಿದಳು.

"ದಾರಿ ತಪ್ಪಿದ್ರೆ?"

"ಒಂಬತ್ತು ವರ್ಷ."

ಮೇಡಂ ಪೆನ್ನನ್ನು ಮೇಜಿನ ಮೇಲಿಟ್ಟರು. "ಮನೆ ದಾರಿ ಗೊತ್ತಾಗ್ದೆ ಹೋದ್ರೆ, ಯಾರೂ ಜೊತೇಲಿ ಇಲ್ಲ, ಆಗ?"

"ಅಪ್ಪ, ಅಮ್ಮ, ನಾನು."

ಅವನು ನೆಲ ನೋಡಿದ. ಮಗಳ ಕಾಲು ಅಲುಗತೊಡಗಿದ್ದು ಕಾಣಿಸಿತು. ಏನೋ ತಪ್ಪಿದೆ ಎಂದು ಅವಳಿಗೂ ತಿಳಿದಿತ್ತು. "ಛತ್ರಿ ಹಿಡೀತೀನಿ" ಎಂದು ಯಾರೂ ಕೇಳದೆಯೇ ಅವಸರದಲ್ಲಿ ಹೇಳಿದಳು. ಅಂಗೈಯಿಂದ ಕಿವಿಗೆ ಬಡಿದುಕೊಂಡಳು, ಒಂದು ಸಲ, ಎರಡು ಸಲ. ಇನ್ನು ಮೇಜಿನ ಕೆಳಗೆ ಹೋಗುತ್ತಾಳೆ, ಇನ್ನು ಕಿರುಚುತ್ತಾಳೆ ಎಂದು ಅವನು ಎದ್ದು ನಿಂತ. ಹಾಸ್ಟೆಲ್ ಎಂಬ ಪದ ಆ ಕೋಣೆಯಲ್ಲಿ ಎಲ್ಲೋ ಕಾದು ಕೂತಿದೆ ಎನಿಸಿತು.

ಗಿಣಿ ಕೈಚಾಚಿ ಮೇಡಂ ಮುಂದಿದ್ದ ನೀಲಿ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚಿದಳು. ಮೊದಲ ಪುಟದ ಮೇಲೆ ಬೆರಳಿಟ್ಟಳು.

"ಮೊದಲಿಂದ" ಎಂದಳು.

ಮೇಡಂ ಅವನ ಕಡೆ ತಿರುಗಿದರು. "ಇದನ್ನೂ ಹೇಳಿಕೊಟ್ಟಿದ್ರಾ?"

"ಇಲ್ಲ ಮೇಡಂ." ಗಿಣಿ ಹಾಗೆಂದ ದನಿಯೂ ಅವನದಾಗಿರಲಿಲ್ಲ. ಸಣ್ಣಗೆ, ಸ್ವಲ್ಪ ಒಡೆದಂತಿತ್ತು.

ಮೇಡಂ ಮೊದಲಿನಿಂದ ಕೇಳಿದರು. ಹನ್ನೆರಡನ್ನೂ ಕೇಳಿದರು, ಮೂಗು ಸೋರುತ್ತಿದ್ದರೂ ಮಧ್ಯೆ ನಿಲ್ಲಿಸಲಿಲ್ಲ. ಕೊನೆಯ ಉತ್ತರ ಹೇಳಿ ಮುಗಿಸುವ ಹೊತ್ತಿಗೆ ಗಿಣಿಯ ಕಾಲು ಅಲುಗುವುದು ನಿಂತಿತ್ತು. ಆಮೇಲೆ ಅವರು ಹಳೆಯ ಹಾಳೆಯನ್ನು ಹರಿದು ಹೊಸದರಲ್ಲಿ ಬರೆಯತೊಡಗಿದರು. ಬರೆಯುತ್ತಲೇ ಗಟ್ಟಿಯಾಗಿ ಓದಿದರು.

"ದಿನವಿಡೀ ಸಹಾಯಕಿ ಬೇಕು. ಈ ವರ್ಷ ಪೂರ್ತಿ. ಈಗಿರೋರೇ ಮುಂದುವರೀಲಿ." ಸಹಿ ಹಾಕಿ ಕನ್ನಡಕ ತೆಗೆದರು. "ಮುಂದಿನ ವರ್ಷ ಬೇರೆ ಪುಸ್ತಕ ತರ್ತೀನಿ. ನಾಳೆ ನಾಡಿದ್ದು ತರಗತಿಯಲ್ಲೇ ಕೂತು ನೋಡ್ತೀನಿ, ನನಗೂ ಇವಳು ಗೊತ್ತಾಗ್ಲಿ. ನೀವು ಮಾತ್ರ ದಯವಿಟ್ಟು ಏನೂ ಹೇಳಿಕೊಡಬೇಡಿ. ಬಿಟ್ಟರೆ ನನಗೂ ಬಾಯಿಪಾಠ ಮಾಡಿಸ್ತೀರಿ."

ಅವನು ನಗಲು ನೋಡಿದ, ಆಗಲಿಲ್ಲ. ಮುಂದಿನ ವರ್ಷ ಎಂಬ ಮಾತು ಆಗಲೇ ಒಳಗೆ ಓಡಲು ಶುರುವಾಗಿತ್ತು.

ಜೇಬಿನಲ್ಲಿ ಫೋನು ನಡುಗುತ್ತಿತ್ತು. ಹೆಂಡತಿಯೇ. ಮಗಳ ಕೈ ಹಿಡಿದು ಹತ್ತಿರವಿದ್ದ ಮೆಟ್ಟಿಲಿಂದ ಬೇಗಬೇಗ ಇಳಿದ. ಬರುವಾಗ ಹತ್ತಿದ್ದು ಇನ್ನೊಂದು ಬದಿಯ ಮೆಟ್ಟಿಲು ಎಂಬುದು ಅವನಿಗೆ ಹೊಳೆಯಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಗಿಣಿ ನಿಂತಳು. ಕೈ ಕೊಸರಿಕೊಂಡಳು.

"ಮೊದಲಿಂದ."

ಅವನು ಅವಳನ್ನು ನೋಡಿದ. ಫೋನು ನಿಂತು, ಮತ್ತೆ ನಡುಗತೊಡಗಿತು. ಅದನ್ನು ಕಿವಿಗಿಟ್ಟು, "ಸಹಾಯಕಿ ಇರ್ತಾರೆ ಕಣೆ. ಉಳಿದದ್ದು ಆಮೇಲೆ ಹೇಳ್ತೀನಿ" ಎಂದ. ಆಚೆ ಅಂಗಡಿಯ ಬಾಗಿಲ ಗಂಟೆ ಕೇಳಿಸಿತು.

ಇಬ್ಬರೂ ಮೆಟ್ಟಿಲು ಹತ್ತಿ ಕೋಣೆಯ ಬಾಗಿಲವರೆಗೆ ವಾಪಸು ಬಂದರು. ಮೇಡಂ ಕರವಸ್ತ್ರದಿಂದ ಮೂಗು ಹಿಡಿದುಕೊಂಡೇ ತಲೆಯೆತ್ತಿದರು.

"ಏನಾದ್ರೂ ಮರೆತ್ರಾ?"

"ಇಲ್ಲ ಮೇಡಂ" ಎಂದ ಅವನು. "ಇನ್ನೊಂದು ಸಲ ಹೊರಡ್ತಾ ಇದ್ದೀವಿ."