ಶಿವನಂಜಮ್ಮ ಒತ್ತದ ಹೆಬ್ಬೆಟ್ಟು

ಕೊಳ್ಳೇಗಾಲದ ಮಗ್ಗದ ಬೀದಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ರೇಷ್ಮೆ ಕಾರ್ಖಾನೆಯ ಮೂಡಲ ಕಿಟಕಿಯ ಕೆಳಗೆ ಶಿವನಂಜಮ್ಮ ಆಗಲೇ ನೂಲಿನ ಲಡಿ ಹರಡಿಕೊಂಡು ಕೂತಿದ್ದಾರೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಎಡಗೈಯೇ ನೂಲಿನ ಮೇಲೆ ಹರಿದಾಡುತ್ತದೆ, ಗಂಟು ಸಿಕ್ಕಲ್ಲಿ ನಿಲ್ಲುತ್ತದೆ. ನಯವಾದ ನೂಲು ಸೀರೆಯ ಉದ್ದದ ಎಳೆಗೆ, ಒರಟು ನೂಲು ಅಡ್ಡ ಎಳೆಗೆ. ಇವರ ಕೈಯಿಂದ ಕಸಕ್ಕೆ ಹೋಗುವುದು ಬಹಳ ಕಡಿಮೆ.

ಮೊದಲು ಇವರದು ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ. ಯಳಂದೂರಿನಿಂದ ಸೊಸೆಯಾಗಿ ಬಂದವರು, ಗಂಡ ತೀರಿಕೊಂಡ ಮೇಲೆ ಕುದಿಯುವ ನೀರಿನ ಮುಂದೆ ಕೂತೇ ಸಂಸಾರ ಸಾಗಿಸಿದರು. ಹೋದ ವರ್ಷ ಬಾಣಲೆ ಮಗುಚಿ ಕೈ ಬೆಂದಿತು. ಕೆಲಸಗಾರರ ತಪಾಸಣೆಗೆಂದು ಕೊಯಮತ್ತೂರಿನಿಂದ ಬಂದ ಡಾಕ್ಟರು ಆ ಕೈಯನ್ನು ಒಮ್ಮೆ ತಿರುಗಿಸಿ ನೋಡಿ, ‘ಅನ್‌ಫಿಟ್’ ಎಂದು ಗೀಚಿ ಹೋದರು.

ಹಾಗೆಂದರೇನೆಂದು ಶಿವನಂಜಮ್ಮ ಕಾರ್ಖಾನೆಯ ಲೆಕ್ಕ ಬರೆಯುವ ರೈಟರ್ ಪುಟ್ಟಮಲ್ಲಪ್ಪನವರನ್ನು ಕೇಳಿದರು. ರೈಟರು ಒಳ್ಳೆಯ ಮನುಷ್ಯ, ತುಸು ಪುಕ್ಕಲು. ಯಾವ ಕೆಲಸಕ್ಕೂ ಬಾರದವಳು ಎಂದರ್ಥ ಎಂದರು, ತಲೆ ತಗ್ಗಿಸಿ. ‘ಅನ್‌ಸೂಟಬಲ್’ ಎಂದಿದ್ದರೆ ಈ ಕೆಲಸ ಒಗ್ಗದು ಎಂದಷ್ಟೇ ಆಗುತ್ತಿತ್ತು, ಬೇರೆ ಕೆಲಸ ಕೊಡಬಹುದಿತ್ತು ಎಂದೂ ಬಾಯಿಬಿಟ್ಟರು. ಆ ಎರಡು ಮಾತುಗಳ ನಡುವೆ ತನ್ನ ಅನ್ನವಿದೆ ಎಂದು ಶಿವನಂಜಮ್ಮನವರಿಗೆ ಆಗ ಗೊತ್ತಾಯಿತು.

ಕೆಲಸ ಬಿಡಿಸುವ ಕಾಗದಕ್ಕೆ ಹೆಬ್ಬೆಟ್ಟು ಒತ್ತೆಂದು ಮ್ಯಾನೇಜರು ಮಸಿ ಮುಂದಿಟ್ಟರು.

“ಈ ಕೈ ಯಾತಕ್ಕೂ ಬರಕಿಲ್ಲ ಅಂತೀರಿ. ಇದ್ರ ಎಬ್ಬೆಟ್ಟು ಮಾತ್ರ ಯಾಕ್ ಬೇಕು ಸಾ?” ಎಂದರು ಶಿವನಂಜಮ್ಮ. “ಒರಟು ನೂಲ ನೀವು ಎಸೀತೀರಾ? ಅಡ್ಡಕ್ಕಾಕಿ ಸೀರೆ ಮಾಡ್ತೀರಿ. ನನ್ನೂ ಅಂಗೇ ಆಕಿ.”

ನೂಲು ಬಿಚ್ಚುತ್ತಿದ್ದ ಹೆಂಗಸರ ಕೈಗಳೆಲ್ಲ ನಿಂತವು. ಮ್ಯಾನೇಜರು ರೇಗಿ ಆಚೆಗೆ ಕಳಿಸಿದರು. ಮರುದಿನದಿಂದ ಶಿವನಂಜಮ್ಮ ಗೇಟಿನ ಮುಂದೆಯೇ ಕೂತರು. ಕಾಫಿಗೆ ಬಂದವರೂ ಬೈಯಲು ಬಂದವರೂ ಅವರನ್ನು ದಾಟಿಕೊಂಡೇ ಹೋಗಬೇಕಾಯಿತು. ಹೆಬ್ಬೆಟ್ಟಿಲ್ಲದೆ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕುವಂತಿರಲಿಲ್ಲ. ಕೊನೆಗೆ ಡಾಕ್ಟರು ಮತ್ತೆ ಬಂದಾಗ, ಸಾಕಾಗಿ ಹೋದ ಮ್ಯಾನೇಜರೇ ಹೇಳಿ ಬರೆಸಿದರು: ಬಿಸಿನೀರಿನ ಕೆಲಸಕ್ಕೆ ಅನ್‌ಸೂಟಬಲ್. ಆ ಕಾಗದಕ್ಕೆ ಹೆಬ್ಬೆಟ್ಟು ಬಿತ್ತು, ನೂಲು ವಿಂಗಡಿಸುವ ಕೆಲಸ ಸಿಕ್ಕಿತು.

ಈಗ ಮಗ್ಗದ ಗುರುಸ್ವಾಮಿಯವರು ಇವರು ವಿಂಗಡಿಸಿದ ನೂಲನ್ನೇ ಕೇಳಿ ಒಯ್ಯುತ್ತಾರೆ, ಎಳೆ ತುಂಡಾಗುವುದಿಲ್ಲವಂತೆ. ಹೊಗಳಿಕೆಗೆ ಶಿವನಂಜಮ್ಮ ಸೊಪ್ಪು ಹಾಕುವುದಿಲ್ಲ. ಬಾಣಲೆಯ ಮುಂದೆ ಕೂತ ಚಿಕ್ಕನಿಂಗಮ್ಮನ ಅಂಗೈ ಸುಲಿಯುತ್ತಿದೆ; ಅವಳಿಗೂ ಆ ಎರಡು ಮಾತು ಬಾಯಿಪಾಠ ಮಾಡಿಸುತ್ತಿದ್ದಾರೆ.

ಇಂಗ್ಲಿಷು ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ನೂಲಿನಿಂದ ಕಣ್ಣೆತ್ತದೆ ಹೇಳುತ್ತಾರೆ: “ಎರಡೇ ಮಾತು ಬತ್ತದ ಸಾ. ಒಂದಕ್ಕ ಎಬ್ಬೆಟ್ಟು ಒತ್ತಿವ್ನಿ. ಇನ್ನೊಂದಕ್ಕ ಸತ್ರೂ ಒತ್ತಕಿಲ್ಲ.”