ಓರೆನೋಟದ ಗೊಂಬೆಗಳು

ಅವರ ಬಾಯಿಯ ಎಡಮೂಲೆಯಲ್ಲಿ ಯಾವಾಗಲೂ ಮೂರು ಗುಂಡುಸೂಜಿಗಳಿರುತ್ತಿದ್ದವು. ಮಾತು ಬಲಮೂಲೆಯಿಂದ ಬರುತ್ತಿತ್ತು. ಗಿರಾಕಿಯೊಡನೆ ದಾರದ ಬಣ್ಣದ ಬಗ್ಗೆ ವಾದಿಸುವಾಗ, ನಗುವಾಗ, ಒಮ್ಮೆ ನನ್ನೆದುರೇ ಸೀನಿದಾಗಲೂ ಒಂದು ಸೂಜಿ ಕೆಳಗೆ ಬಿದ್ದದ್ದಿಲ್ಲ. ಚಹ ಕುಡಿಯುವಾಗ ಮಾತ್ರ ಅವನ್ನು ತೆಗೆದು ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದರು. ಆಗ ಮಾತು ಪೂರ್ತಿ ಬಾಯಿಂದ ಬಂದು ನಮಗೆ ಬೇರೆ ಯಾರೋ ಮಾತಾಡಿದಂತೆ ಕೇಳಿಸುತ್ತಿತ್ತು.

ಶಿರಸಿಯ ಹಳೇ ಬಸ್‌ಸ್ಟ್ಯಾಂಡಿನಿಂದ ಎರಡು ತಿರುವು ದಾಟಿದರೆ ಅವರ ಅಂಗಡಿ. ದಾರ, ಗುಂಡಿ, ಲೇಸು, ಸೀರೆಯ ಫಾಲು. ನಾವು ಅವರನ್ನು ಅಂಗಡಿಯಕ್ಕ ಎನ್ನುತ್ತಿದ್ದೆವು. ಬನವಾಸಿಯ ಕಡೆಯವರು. ಮದುವೆಯಾಗಿ ಶಿರಸಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಮಾತು ಮಾತ್ರ ತವರಿನದೇ ಉಳಿದಿತ್ತು. ಗಂಡ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಮನೆಯಲ್ಲಿ ಒಬ್ಬರೇ ಇದ್ದರು. ಅಲ್ಲಿನ ದೊಡ್ಡ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ನಾವು ಒಂಬತ್ತು ಜನ ಬಟ್ಟೆಗೊಂಬೆ ಮಾಡಲು ಸೇರುತ್ತಿದ್ದೆವು. ಹೊಟ್ಟೆಪಾಡಿಗಲ್ಲ, ಖುಷಿಗೆ. ನಾನು ಸಿದ್ದಾಪುರದ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಅರ್ಧ ದಿನದ ಕೆಲಸ ಮುಗಿಸಿ ಬಸ್ಸು ಹಿಡಿಯುತ್ತಿದ್ದೆ. ಅದೇ ಬಸ್ಸಿಗೆ ನಮ್ಮೂರಿನ ನಿವೃತ್ತ ಡ್ರೈವರಣ್ಣ ಹತ್ತುತ್ತಿದ್ದರು. ಇಡೀ ಆಯುಷ್ಯ ಘಟ್ಟದ ತಿರುವುಗಳಲ್ಲಿ ಬಸ್ಸು ತಿರುಗಿಸಿದ ಆ ಕೈ ಈಗ ಹೆಬ್ಬೆರಳಿನಷ್ಟು ಟೋಪಿ ಹೊಲಿಯುತ್ತಿತ್ತು. ಯಲ್ಲಾಪುರದಿಂದ ಒಬ್ಬ ಟೀಚರ್ ಬರುತ್ತಿದ್ದರು. ಉಳಿದವರು ಶಿರಸಿಯವರೇ.

ಆ ಕೋಣೆಗೆ ಅಂಗಡಿಯಕ್ಕನದೇ ಕಟ್ಟಳೆಗಳಿದ್ದವು. ಹೊಸ ಬಟ್ಟೆ ತರಕೂಡದು. ಉಟ್ಟು ಒಗೆದು ಮೆತ್ತಗಾದದ್ದೇ ಆಗಬೇಕು. ಒಳಗೆ ತುಂಬಲು ಬೂರುಗದ ಹತ್ತಿ, ಅದೂ ಬೀಜವನ್ನೆಲ್ಲ ಹೆಕ್ಕಿ ತೆಗೆದ ಮೇಲೆ. ಕೈಕಾಲಿನ ತುದಿಗೆ ಹತ್ತಿ ತಳ್ಳಲು ಹಳೇ ಕೊಡೆಯ ಕಡ್ಡಿ. ಹೊಲಿಗೆ ತಪ್ಪಿದರೆ ಬಿಚ್ಚಲೇಬೇಕು. "ಬಿಚ್ಚಾಕ ನಾಚಿಕಿ ಯಾಕ್ರಿ? ಹೊಲಿಯೂ ಮುಂದ ನಾಚ್ಕೋಬೇಕಿತ್ತು" ಎನ್ನುತ್ತಿದ್ದರು. ಮುಖ ಕೊನೆಗೆ, ಹಗಲು ಬೆಳಕಿನಲ್ಲಿ. ಮತ್ತೆ ಒಬ್ಬರ ಗೊಂಬೆಗೆ ಇನ್ನೊಬ್ಬರು ಮುಖ ಹೊಲಿಯಬಾರದು. ಎಷ್ಟು ಅಂಗಲಾಚಿದರೂ ಅವರು ಹೊಲಿದುಕೊಟ್ಟವರಲ್ಲ. "ಕೈ ತಪ್ಪಿದ್ರ ತೋರಸ್ತೀನಿ, ಕಾಲು ತಪ್ಪಿದ್ರ ತೋರಸ್ತೀನಿ. ಮಖ ನಿಮ್ಮದು ನೀವ ಹಚ್ಚ್ರಿ."

ನನಗೆ ಮುಖ ಬರುತ್ತಿರಲಿಲ್ಲ. ಮೈ, ಕೈ, ಜಡೆ ಎಲ್ಲ ಅಚ್ಚುಕಟ್ಟು, ಹೊಲಿಗೆ ನೇರ. ಮೊದಲನೆಯ ಗೊಂಬೆಗೆ ಕಣ್ಣು ಬಾಯಿ ಹೊಲಿದು ತೋರಿಸಿದಾಗ ಅಂಗಡಿಯಕ್ಕ ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಚಲೋ ಐತಿ. ಆದ್ರ ಇದು 'ಟೈಮ್ ಆತು, ನಾಳೆ ಬರ್ರಿ' ಅಂತ ಹೇಳಾಕತ್ತೈತಲ್ರಿ!"

ಇಡೀ ಕೋಣೆ ನಕ್ಕಿತು. ಡ್ರೈವರಣ್ಣನಂತೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನು ನಗಲಿಲ್ಲ. ಕೌಂಟರಿನ ಈಚೆ ಕೂತವರಿಗೆ ಬೇರೆಯವರು ತಮ್ಮನ್ನು ನೋಡಿ ನಗುವುದು ಅಷ್ಟು ಸುಲಭವಾಗಿ ಜೀರ್ಣವಾಗುವುದಿಲ್ಲ. ಆ ಮುಖವನ್ನು ಬಿಚ್ಚಿದವಳು ಮತ್ತೆ ಹೊಲಿಯಲು ಹೋಗಲಿಲ್ಲ. ಎರಡು ವರ್ಷದಲ್ಲಿ ಮುಖವಿಲ್ಲದ ಹನ್ನೊಂದು ಗೊಂಬೆಗಳು ನಮ್ಮ ಮನೆಯ ಕಪಾಟಿನ ಮೇಲೆ ಸಾಲಾಗಿ ಕೂತವು. ಬಂದವರು ಹೆದರುತ್ತಾರೆಂದು ಅತ್ತೆ ಅವುಗಳ ಮೇಲೊಂದು ಟವೆಲು ಹೊದಿಸಿಟ್ಟರು.

ಹೋದ ವರ್ಷ ಬೇಸಗೆಯಲ್ಲಿ ಅಂಗಡಿಯಕ್ಕ ನನ್ನೊಡನೆ ಮಾತಾಡುವಾಗ ಮುಖ ತಿರುಗಿಸತೊಡಗಿದರು. ನಾನು ಎದುರು ಕೂತು ಏನಾದರೂ ಕೇಳಿದರೆ ಗೋಡೆಯ ಕಡೆ ನೋಡುತ್ತ ಉತ್ತರ ಕೊಡುತ್ತಿದ್ದರು. ನಾನೇನು ಕಡಿಮೆಯೇ? ನಾನೂ ಎರಡು ಶನಿವಾರ ಕಿಟಕಿಯ ಕಡೆ ನೋಡುತ್ತ ಮಾತಾಡಿದೆ. ಮೂರನೆಯ ಶನಿವಾರ ಎಲ್ಲರೂ ಎದ್ದುಹೋದ ಮೇಲೆ ಕೇಳಿಯೇಬಿಟ್ಟೆ.

"ನನ್ನ ಮೇಲೆ ಸಿಟ್ಟಿದ್ರೆ ಹೇಳಿಬಿಡಿ. ಮುಖ ತಿರುಗಿಸೂದು ಎಂತಕ್ಕೆ?"

ಅವರು ಸೂಜಿಗಳನ್ನು ಬಾಯಿಂದ ತೆಗೆದರು. ಮುಂದೆ ಚಹ ಇರಲಿಲ್ಲ, ಆದರೂ ತೆಗೆದರು.

"ಸಿಟ್ಟಲ್ರಿ. ನಿಮ್ಮನ್ನ ನೋಡಾಕತ್ತೀನಿ."

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಹೇಳಿದ್ದನ್ನು ಆಮೇಲೆ ವಿವರಿಸಿದರು. ನೋಟದ ನಡುಭಾಗ ಮಸುಕಾಗುತ್ತ ಹೋಗುತ್ತದೆ, ಅಂಚು ಉಳಿಯುತ್ತದೆ. ನೇರ ನೋಡಿದರೆ ಎದುರಿನವರ ಮುಖವಿರುವಲ್ಲಿ ಬರೀ ಬೂದುಬಣ್ಣ. ಮುಖವನ್ನು ಆಚೆ ತಿರುಗಿಸಿದರೆ ಕಣ್ಣಂಚಿನಲ್ಲಿ ಒಂದಿಷ್ಟು ಕಾಣುತ್ತದೆ. ಹೋದದ್ದು ಮರಳುವುದಿಲ್ಲ. ಇದನ್ನೆಲ್ಲ ಅವರು ಲೇಸಿನ ಅಗಲ ಹೇಳುವ ಧಾಟಿಯಲ್ಲೇ ಹೇಳಿದರು. ಎಲ್ಲರಿಗೂ ತಿಳಿಸಿಬಿಡಿ ಎಂದೆ.

"ತಿಳಿಸಿದ್ರ ಏನಾಕ್ಕೈತಿ ಗೊತ್ತೇನ್ರಿ? ಮುಂದಿನ ಶನಿವಾರ ಒಬ್ಬರು ಮೂಸಂಬಿ ತರ್ತಾರ, ಒಬ್ಬರು ಔಷಧ ಹೇಳತಾರ. ನನ್ನ ನೋಡಾಕ ಬರ್ತಾರ, ಗೊಂಬಿ ಮಾಡಾಕ ಬರೂದಿಲ್ಲ. ಶನಿವಾರ ಹೋತಂದ್ರ ನನಗ ಏನ ಉಳೀತು?"

ಅವರ ಭಯವೆಲ್ಲ ಅದೇ ಆಗಿತ್ತು. ಕಣ್ಣಿನ ಬಗ್ಗೆ ಅವರು ಅಷ್ಟು ಹೆದರಿರಲಿಲ್ಲ.

ನಾನು ಒಪ್ಪಿದೆ. ಬೇರೆಯವರ ಗುಟ್ಟನ್ನು ಒಡೆಯದೆ ದಾಟಿಸುವುದು ನನ್ನ ನೌಕರಿಯೇ ತಾನೆ. ಶನಿವಾರ ಎಲ್ಲರಿಗಿಂತ ಮೊದಲು ಬಂದು ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ ಅವರ ಸೂಜಿದಿಂಬಿಗೆ ಚುಚ್ಚಿಡುತ್ತಿದ್ದೆ. ಮುಂದಿನ ಸಾಲು ಕಪ್ಪು, ನಡುವೆ ಕೆಂಪು, ಹಿಂದೆ ಬಿಳಿ. ಕತ್ತರಿಸಬೇಕಾದ ಬಟ್ಟೆಗೆ ಸೀಮೆಸುಣ್ಣದಿಂದ ದಪ್ಪಗೆ ಗುರುತು ಹಾಕಿಕೊಡುತ್ತಿದ್ದೆ. ಆ ಬಿಳಿ ಗೆರೆಯನ್ನು ಅವರು ಕಣ್ಣಂಚಿನಲ್ಲಿ ಹಿಡಿದು ಕತ್ತರಿಸುತ್ತಿದ್ದರು. ಉಳಿದದ್ದು ಬೆರಳಿನ ಕೆಲಸ. ಬಟ್ಟೆಯನ್ನು ಎರಡೂ ಕಡೆಯಿಂದ ಜಗ್ಗಿ ನೋಡಿ ನೇಯ್ಗೆ ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅಡ್ಡ ಕತ್ತರಿಸಿದರೆ ಹತ್ತಿ ತುಂಬಿದಾಗ ಗೊಂಬೆಯ ಹೊಟ್ಟೆ ಉಬ್ಬುತ್ತದೆ.

ಗುಟ್ಟನ್ನು ಬಿಟ್ಟುಕೊಟ್ಟದ್ದು ಅವರ ಗೊಂಬೆಗಳ ಮುಖ. ಆದರೆ ಯಾರಿಗೂ ತಿಳಿಯಲಿಲ್ಲ. ತಲೆ ಓರೆ ಮಾಡಿ ಹೊಲಿಯುತ್ತಿದ್ದುದರಿಂದ ಕಣ್ಣಿನ ಕಪ್ಪು ಗಂಟುಗಳೆರಡೂ ಒಂದೇ ಬದಿಗೆ ಸರಿದು ಕೂರುತ್ತಿದ್ದವು. ಮೊದಲು ಗಮನಿಸಿದವರು ಟೀಚರ್.

"ಅಯ್ಯೋ, ಎಷ್ಟು ಚೊಲೋ ಇದ್ದು! ಎಂತದೋ ಕದ್ದು ನೋಡ್ತಾ ಇದ್ದಾಂಗೆ!"

ಫೋಟೊ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಒಂದು ತಿಂಗಳಾಗುವಷ್ಟರಲ್ಲಿ ನನ್ನವನ್ನು ಬಿಟ್ಟು ಎಲ್ಲರ ಗೊಂಬೆಗಳೂ ಓರೆಗಣ್ಣು ಬಿಡತೊಡಗಿದವು. "ನಂದು ಕನ್ನಡಿ ನೋಡಿ ಗಾಡಿ ಹಿಂದೆ ತಗೀತಾ ಉಂಟು ಮಾರಾಯ್ರೆ" ಎಂದು ಡ್ರೈವರಣ್ಣ ತಮ್ಮದನ್ನು ಎತ್ತಿ ತೋರಿಸಿದರು. ಹುಬ್ಬಳ್ಳಿ ಕಡೆಯ ಯಾರೋ ಇದರ ಮಾದರಿ ಕಳಿಸಿ ಎಂದು ಕೇಳಿದರು. ಅಂಗಡಿಯಕ್ಕ ಸೂಜಿ ಕಚ್ಚಿಕೊಂಡು ಹೊಲಿಯುತ್ತಲೇ ಇದ್ದರು. ನನಗೆ ಒಳಗೊಳಗೇ ನಗು, ಅದರ ಬೆನ್ನಿಗೇ ಸಂಕಟ.

ದೀಪಾವಳಿ ಕಳೆದ ಮೇಲೆ ಟೀಚರ್ ತಮ್ಮ ತಾಯಿಯ ಸೀರೆ ತಂದರು. ತಾಯಿ ತೀರಿಕೊಂಡು ಆರು ತಿಂಗಳಾಗಿತ್ತು. ಹಸಿರು ನೂಲಿನ ಸೀರೆ. ಸೆರಗಿನ ಹತ್ತಿರ ಹರಿದಿದ್ದ ಒಂದು ಕಡೆ ಆ ತಾಯಿಯೇ ಎಳೆಗೆ ಎಳೆ ಕೂಡಿಸಿ ರಫು ಮಾಡಿದ್ದರು.

"ಆಯಿ ಕೈಕೆಲಸ ಹೇಳಿ ಉಳದ್ದು ಇದೊಂದೇಯ. ಇದು ಗೊಂಬೆ ಎದೆ ಮೇಲೆ ಬರವು ಅಕ್ಕಾ. ನೀವೇ ಕತ್ತರಿಸಿಕೊಡಿ, ಯನ್ನ ಕೈ ನಡುಗ್ತು."

ಅಂಗಡಿಯಕ್ಕ ಸೀರೆಯ ಮೇಲೆ ಬೆರಳಾಡಿಸಿ ರಫುವನ್ನು ಹುಡುಕತೊಡಗಿದರು. ಗುರುತು ಹಾಕಿಕೊಡಬೇಕಾದವಳು ನಾನು. ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಡ್ರೈವರಣ್ಣನೊಡನೆ ಟೋಪಿಯ ಅಂಚಿನ ಬಗ್ಗೆ ಜಗಳಕ್ಕೆ ಬಿದ್ದಿದ್ದೆ; ಜಗಳಕ್ಕೆ ನಿಂತರೆ ಗೆಲ್ಲದೆ ಬಿಡುವವಳಲ್ಲ ನಾನು. ಅವರು ಕಾಯಬಹುದಿತ್ತು. ಆದರೆ ಎಲ್ಲರ ಕಣ್ಣೂ ಅವರ ಕೈಯ ಮೇಲಿತ್ತು. ಕಾದರೆ ಯಾಕೆಂದು ಕೇಳುತ್ತಾರೆ. ಕತ್ತರಿ ಹಾಕಿದರು. ಟೀಚರ್ "ಅಯ್ಯಯ್ಯೋ!" ಎಂದದ್ದು ಕೇಳಿ ನಾನು ತಿರುಗುವಷ್ಟರಲ್ಲಿ ರಫು ನಡುವೆ ಸೀಳಿ ಎರಡು ಹೋಳಾಗಿತ್ತು.

"ತಪ್ಪು ನನ್ನದು" ಎಂದುಬಿಟ್ಟೆ. "ಅಲ್ಲೇ ಕತ್ತರಿಸಿ ಅಂತ ಆಗಲೇ ನಾನು ತೋರಿಸಿದ್ದೆ."

ಟೀಚರ್ ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ನಿಮಗೆ ಆಯಿ ಸೀರೆಯೂ ಒಂದೇಯ, ಪಾರ್ಸಲ್ಲೂ ಒಂದೇಯ. ಮೊಹರು ಗುದ್ದಿ ಆಚೆ ಒಗೆದ್ರೆ ಮುಗತ್ತು!"

ತುಂಡುಗಳನ್ನು ಮಡಚಿಕೊಂಡು ಎದ್ದುಹೋದರು. ಅವತ್ತು ಸಿದ್ದಾಪುರದ ಬಸ್ಸಿನಲ್ಲಿ ಡ್ರೈವರಣ್ಣನೂ ನನ್ನೊಡನೆ ಮಾತಾಡಲಿಲ್ಲ. ಸುಳ್ಳು ಹೇಳಿದ್ದಕ್ಕೆ ನನಗೆ ಬೇಸರವಿರಲಿಲ್ಲ. ಸೀಮೆಸುಣ್ಣ ಕೈಯಲ್ಲೇ ಇತ್ತಲ್ಲ, ಅದು ಚುಚ್ಚುತ್ತಿತ್ತು.

ಮುಂದಿನ ಶನಿವಾರ ಟೀಚರ್ ಬಂದರು. ಅಂಗಡಿಯಕ್ಕನೇ ಫೋನ್ ಮಾಡಿ ಕರೆಸಿದ್ದರಂತೆ. ಎಲ್ಲರೂ ಕೂರುವವರೆಗೆ ಕಾದು, ಬಾಯಿಯ ಸೂಜಿಗಳನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡರು.

"ಒಂದ ಹೊಲಿಗಿ ತಪ್ಪೈತಿ. ಬಿಚ್ಚತೀನಿ. ಪೋಸ್ಟಿನವ್ರು ಏನೂ ತೋರಿಸಿರಲಿಲ್ಲ, ಕತ್ತರಸಿದಾಕಿ ನಾನ. ನನಗ ನೆಟ್ಟಗ ಕಾಣೂದಿಲ್ರಿ. ಬ್ಯಾಸಗಿಯಿಂದ ನಿಮಗ ಮುಚ್ಚಿಟ್ಟೀನಿ." ಆಮೇಲೆ ಟೀಚರ್ ಇದ್ದ ದಿಕ್ಕಿನಿಂದ ಮುಖ ಆಚೆ ತಿರುಗಿಸಿದರು. "ನಾ ಬೆರಳಾಡ್ಸಿ ಹುಡುಕೀನ್ರಿ. ನಿಮ್ಮ ತಾಯಿ ರಫು ಬೆರಳಿಗೆ ಸಿಗಲೇ ಇಲ್ಲ. ಅಷ್ಟ ನುಣ್ಣಗ ಹೊಲದಾರ. ಅಂಥಾದ್ದು ನನ್ನ ಕೈಲಿ ಆಗೂದಿಲ್ಲ."

ಗೋಡೆಯ ಹಲಗೆಯ ಮೇಲೆ ಉಳಿದವರೆಲ್ಲರ ಗೊಂಬೆಗಳು ಕಣ್ಣು ಓರೆ ಮಾಡಿಕೊಂಡು ಕೂತಿದ್ದವು. ಟೀಚರ್ ಅವನ್ನೇ ನೋಡುತ್ತ ಕೇಳಿದರು: "ಹಂಗಾರೆ ಇವು?"

"ನಾ ಹಂಗ ನೋಡತೀನ್ರಿ. ನಿಮ್ಮನ್ನ ನೋಡಬೇಕಂದ್ರ ನಾ ಆ ಕಡೆ ತಿರುಗಬೇಕು."

"ಈಗ ಇದನ್ನೆಲ್ಲ ಬಿಚ್ಚೂದಾ?" ಡ್ರೈವರಣ್ಣ ಕೇಳಿದರು. ಅವರಿಗೆ ನಿಜಕ್ಕೂ ಗಾಬರಿಯಾಗಿತ್ತು. ಅವರವೇ ಏಳು ಗೊಂಬೆಗಳಿದ್ದವು.

"ಯಾಕ ಬಿಚ್ಚತೀರಿ? ಅದೇನ ತಪ್ಪ ಹೊಲಿಗಿ ಅಲ್ಲ."

ಟೀಚರ್ ಚೀಲದಿಂದ ಸೀರೆಯ ಎರಡು ತುಂಡುಗಳನ್ನು ತೆಗೆದು ಅಂಗಡಿಯಕ್ಕನ ಮಡಿಲಲ್ಲಿಟ್ಟರು. ಅವೆರಡನ್ನು ಮತ್ತೆ ರಫು ಮಾಡಿ ಕೂಡಿಸುವುದನ್ನು ಅವರಿಂದ ಕಲಿಯಲು ಟೀಚರಿಗೆ ಮೂರು ಶನಿವಾರ ಬೇಕಾಯಿತು. ಗೊಂಬೆಯ ಎದೆಯ ಮೇಲೆ ಈಗ ತಾಯಿಯ ಹೊಲಿಗೆಯ ಮೇಲೆ ಮಗಳ ಹೊಲಿಗೆಯಿದೆ. ಮಗಳದು ಸ್ವಲ್ಪ ಉಬ್ಬು. "ಪಾರ್ಸಲ್ಲು ಹೇಳಿದ್ದಕ್ಕೆ ಬೇಜಾರು ಮಾಡ್ಕಳಡಿ" ಎಂದು ಒಂದು ದಿನ ನನ್ನ ಕ್ಷಮೆ ಕೇಳಿದರು. ಆಗಲೇ ಮಾಡಿಕೊಂಡಾಗಿದೆ ಎಂದೆ. ಇಬ್ಬರೂ ನಕ್ಕೆವು.

ಮೂಸಂಬಿಯೂ ಬಂತು. ಯಾರೋ ಒಬ್ಬರು ಒಂದು ಡಜನ್ ತಂದೇಬಿಟ್ಟರು. ಅಂಗಡಿಯಕ್ಕ ಅಷ್ಟನ್ನೂ ಸುಲಿಸಿ ಎಲ್ಲರ ಕೈಗೂ ಹಂಚಿ, "ತಿಂದ್ರೆಲ್ಲ? ಕೈ ತೊಳಕೊಂಡು ಸೂಜಿ ಹಿಡೀರಿ" ಎಂದರು. ಶನಿವಾರ ನಿಲ್ಲಲಿಲ್ಲ. ನಾನು ಹನ್ನೆರಡು ಸೂಜಿ ಪೋಣಿಸುವುದೂ ನಿಲ್ಲಲಿಲ್ಲ, ಈಗ ಎಲ್ಲರೆದುರಿಗೆ.

ಈ ವರ್ಷ ಅವರಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಶಿರಸಿಯಲ್ಲೇ ಆಸ್ಪತ್ರೆಗೆ ಸೇರಿಸಿದರು. ಹಾವೇರಿಯಿಂದ ಅವರ ತಂಗಿ ಬಂದು ಜೊತೆಗಿದ್ದರು. ನಾನು ಒಂದು ಸೋಮವಾರ ರಜೆ ಹಾಕಿ ಹೋದೆ. ಹಣ್ಣು ಒಯ್ದರೆ ಬೈಸಿಕೊಳ್ಳಬೇಕು. ಕಪಾಟಿನ ಮೇಲಿನ ಹನ್ನೊಂದರಲ್ಲಿ ಒಂದು ಗೊಂಬೆಯನ್ನೂ ಸೂಜಿ ದಾರವನ್ನೂ ಚೀಲಕ್ಕೆ ಹಾಕಿಕೊಂಡೆ. ಹಾಸಿಗೆಯಲ್ಲಿ ಮಲಗಿದ್ದ ಅವರ ಬಾಯಿಯ ಮೂಲೆಯಲ್ಲಿ ಸೂಜಿಗಳಿರಲಿಲ್ಲ. ಅದನ್ನು ನೋಡಿದಾಗ ಇನ್ನು ಹೆಚ್ಚು ದಿನವಿಲ್ಲವೆಂದು ನನಗೆ ಅರ್ಥವಾಯಿತು. ಗೊಂಬೆಯನ್ನು ಕೈಗೆ ಕೊಟ್ಟೆ. ಬೆರಳು ಅದರ ಪಾದದಿಂದ ಹೊರಟು ಮೇಲಕ್ಕೆ ಹೋಗಿ ಬೋಳು ಮುಖದ ಮೇಲೆ ನಿಂತಿತು.

"ಇನ್ನೂ ಹಚ್ಚಿಲ್ಲೇನ್ರಿ? ಕೂಡ್ರಿ. ಹಚ್ಚ್ರಿ. ನಾ ನೋಡತೀನಿ."

ಕಿಟಕಿಯ ಬೆಳಕಿಗೆ ಸ್ಟೂಲು ಎಳೆದುಕೊಂಡು ಕೂತೆ. ನಾನು ಮೊದಲ ಗಂಟು ಹಾಕುವಷ್ಟರಲ್ಲಿ ಅವರು ನಿಧಾನಕ್ಕೆ ತಲೆ ಹೊರಳಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಸ್ವಲ್ಪ ಹೊತ್ತಿಗೆ ತಂಗಿ ನನ್ನ ಭುಜ ಮುಟ್ಟಿದರು.

"ಅಕ್ಕ ಮಲಗ್ಯಾಳ ಕಾಣ್ತೈತಿ, ಗ್ವಾಡಿ ಕಡೆ ತಿರುಗ್ಯಾಳ. ನೀವಿನ್ನ ಹೋಗ್ರಿ. ಹೆಂಗೂ ಆಕಿಗೆ ಏನೂ ಕಾಣೂದಿಲ್ಲ."

"ಇಲ್ಲ, ನನ್ನನ್ನೇ ನೋಡ್ತಾ ಇದ್ದಾರೆ" ಎಂದೆ. ತಂಗಿ ನನ್ನನ್ನು ವಿಚಿತ್ರವಾಗಿ ನೋಡಿದರು.

ಎರಡು ಕಣ್ಣು, ಒಂದು ಬಾಯಿ. ದಾರ ಕತ್ತರಿಸಿ ಗೊಂಬೆಯನ್ನು ಬೆಳಕಿಗೆ ಎತ್ತಿ ಹಿಡಿದೆ. ಗೋಡೆಯ ಕಡೆಯಿಂದ ಮಾತು ಬಂತು.

"ಎಡಗಣ್ಣು ಮ್ಯಾಲ ಹೋಗೈತಿ. ಬಿಚ್ಚ್ರಿ."

ಬಿಚ್ಚಿದೆ. ನೂಲಿನ ಒಂದೆಳೆ ಕೆಳಗೆ ಮತ್ತೆ ಹೊಲಿದು ಎತ್ತಿ ಹಿಡಿದೆ. ಅವರು ಬಹಳ ಹೊತ್ತು ಗೋಡೆಯನ್ನೇ ನೋಡುತ್ತಿದ್ದರು.

"ಈಗ 'ಬರ್ರಿ, ಕೂಡ್ರಿ' ಅನ್ನಾಕತ್ತೈತಿ" ಎಂದರು.

ಅಂಚೆ ಇಲಾಖೆಯ ಪರೀಕ್ಷೆ ಪಾಸಾದಾಗ, ನೌಕರಿ ಸಿಕ್ಕಾಗ, ಬಡ್ತಿ ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬುಧವಾರ ಅವರು ತೀರಿಹೋದರು.

ಶನಿವಾರ ಬರಬೇಕೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ನಾನು ಎಂದಿನಂತೆ ಎಲ್ಲರಿಗಿಂತ ಮೊದಲು ತಲುಪಿದೆ; ತಂಗಿ ಬಾಗಿಲು ತೆರೆದರು. ಕೂತು ಸೂಜಿಗಳಿಗೆ ದಾರ ಪೋಣಿಸಿದೆ. ಹನ್ನೆರಡನೆಯದನ್ನು ದಿಂಬಿಗೆ ಚುಚ್ಚುವಾಗ ನಾನು ಏನು ಮಾಡುತ್ತಿದ್ದೇನೆಂದು ನನಗೇ ಹೊಳೆಯಿತು. ಅಷ್ಟರಲ್ಲಿ ಟೀಚರ್ ಬಂದರು, ಡ್ರೈವರಣ್ಣ ಬಂದರು, ಉಳಿದವರೂ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಯಾರೂ ಹಣ್ಣು ತಂದಿರಲಿಲ್ಲ. ಟೀಚರ್ ಕೈ ಚಾಚಿ ದಿಂಬಿನಿಂದ ಒಂದು ಕೆಂಪು ದಾರದ ಸೂಜಿ ತೆಗೆದುಕೊಂಡರು. ಡ್ರೈವರಣ್ಣ ಒಂದು ಬಿಳಿಯದನ್ನು ತೆಗೆದುಕೊಂಡರು. ಸಂಜೆಯೊಳಗೆ ಹನ್ನೆರಡು ಸೂಜಿಗಳ ದಾರವೂ ಮುಗಿಯಿತು.